ಅದೇ ಬಟ್ಟೆಯ ದಾರ

ಮುನೀರೆಗೆ ಕೂರುವುದು ಗೊತ್ತಿರಲಿಲ್ಲ. ಇರಾನಿನ ಕಾಶಾನ್ ಊರಿನ ಆ ಓಣಿಗೆ ಅವಳು ಸೊಸೆಯಾಗಿ ಬಂದು ಮೂವತ್ತೊಂದು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವಳು ಒಂದು ಲೋಟ ಚಹಾವನ್ನು ಕೂತು ಕುಡಿದು ಮುಗಿಸಿದ್ದನ್ನು ಕಂಡವರಿಲ್ಲ. ಸಕ್ಕರೆ ಗಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಒಂದು ಗುಟುಕು ಚಹಾ ಕಾಯುವ ಸಮೋವರಿನ ಹತ್ತಿರ, ಇನ್ನೊಂದು ಗುಟುಕು ಅಂಗಳದ ಮೆಟ್ಟಿಲ ಮೇಲೆ. ಮೂರನೆಯದರ ಹೊತ್ತಿಗೆ ಚಹಾ ತಣ್ಣಗಾಗಿ ತೊಟ್ಟಿಯ ಪಕ್ಕದ ದಾಳಿಂಬೆ ಗಿಡದ ಬುಡಕ್ಕೆ ಹೋಗುತ್ತಿತ್ತು. ಆ ಗಿಡ ಬೆಳೆದದ್ದೇ ಚಹಾ ಕುಡಿದು ಎಂದು ಗಂಡ ಯದುಲ್ಲಾ ಹೇಳುತ್ತಿದ್ದ. ಅವನು ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ, ಕೂತಲ್ಲೇ ನಿದ್ದೆ ಮಾಡುವುದರಲ್ಲಿ ಪಳಗಿದವನು. ದೇವರು ಅವರಿಬ್ಬರನ್ನು ಒಂದೇ ಮನೆಯಲ್ಲಿ ಹಾಕಿ ತೂಕ ಸರಿಮಾಡಿದ್ದ.

ಹೀಗೆ ಕಾಲಿಗೆ ಚಕ್ರ ಕಟ್ಟಿಕೊಂಡ ಹೆಂಗಸಿಗೆ ವರ್ಷದ ಕೊನೆಯ ತಿಂಗಳಾದ ಇಸ್ಫಂದ್ ಬಂತೆಂದರೆ ಇನ್ನು ಕೇಳುವುದೇ ಬೇಡ. ಹೊಸ ವರ್ಷದ ಹಬ್ಬ ನೌರೂಜ್‌ಗೆ ಮೊದಲು ಊರಿಗೆ ಊರೇ ಮನೆ ಕೊಡವುತ್ತದೆ. ಬೇರೆಯವರು ಹಬ್ಬಕ್ಕೆ ಹತ್ತು ದಿನ ಇರುವಾಗ ಸೆರಗು ಕಟ್ಟಿದರೆ, ಮುನೀರೆ ತಿಂಗಳ ಮೊದಲನೇ ದಿನವೇ ಏಣಿ ಹತ್ತುತ್ತಿದ್ದಳು. ಪರದೆಗಳು ಇಳಿಯುತ್ತಿದ್ದವು, ಜಮಖಾನೆಗಳು ಅಂಗಳದಲ್ಲಿ ನೊರೆ ಕುಡಿಯುತ್ತಿದ್ದವು, ದೀಪದ ಗೊಂಚಲಿನ ಒಂದೊಂದು ಗಾಜೂ ಬಕೆಟ್ಟಿಗೆ ಬೀಳುತ್ತಿತ್ತು. ತೊಳೆಯುವುದು ಹೇಗೂ ಇದ್ದದ್ದೇ. ಅವಳ ನಿಜವಾದ ಸಂತೋಷ ಇದ್ದದ್ದು ಎಸೆಯುವುದರಲ್ಲಿ. ಹಳೆಯ ಸಾಮಾನು ಕೊಂಡು ಉಪ್ಪನ್ನೋ ಪ್ಲಾಸ್ಟಿಕ್ ಬೋಗುಣಿಯನ್ನೋ ಕೊಡುವ ನಮಕಿಯ ಗಾಡಿ ಓಣಿಯ ಬಾಯಲ್ಲಿ ಕೂಗಿದ್ದು ಕೇಳಿದರೆ ಸಾಕು, ಅವಳ ಕಣ್ಣು ಮನೆಯ ಸುತ್ತ ಬೇಟೆಗೆ ಹೊರಡುತ್ತಿತ್ತು. ಆಗ ಯದುಲ್ಲಾ ತನ್ನ ಚಪ್ಪಲಿಯನ್ನು ಕಾಲಲ್ಲೇ ಇಟ್ಟುಕೊಂಡಿರುತ್ತಿದ್ದ.

ಅವಳಿಗೆ ದಕ್ಕದೆ ಉಳಿದಿದ್ದ ಜಾಗ ಒಂದೇ, ಅತ್ತೆಯ ಕೋಣೆಯ ಹಿಂದಿದ್ದ ಕಿಟಕಿಯಿಲ್ಲದ ಒಳಕೋಣೆ. ಅತ್ತೆ ಅಖ್ದಸ್ ಖಾನುಂಗೆ ಎಂಬತ್ತನಾಲ್ಕು. ಆಕೆ ಏನನ್ನೂ ಎಸೆದವಳಲ್ಲ. ನೆಲದಿಂದ ಸೂರಿನವರೆಗೆ ಗಂಟುಗಳು, ತಳವಿಲ್ಲದ ತಾಮ್ರದ ಪಾತ್ರೆಗಳು, ಮೂಕ ರೇಡಿಯೊ, ಗಂಡ ಹಾಜಿ ನಸ್ರುಲ್ಲಾ ಜಮಖಾನೆಯ ನೂಲಿಗೆ ಬಣ್ಣ ಹಾಕುತ್ತಿದ್ದ ಕಾಲದ ಮರದ ಕೋಲುಗಳು. ಮನೆ ಕೊಡವುವ ದಿನಗಳಲ್ಲಿ ಮುದುಕಿ ಆ ಕೋಣೆಯ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಜಪಮಣಿ ಹಿಡಿದು ಕೂತುಬಿಡುತ್ತಿದ್ದಳು. ಒಂದು ತಾಮ್ರದ ಪಾತ್ರೆಯನ್ನಂತೂ ಮುನೀರೆ ಮೂರು ಸಲ ನಮಕಿಗೆ ಕೊಟ್ಟಿದ್ದಳು, ಮುದುಕಿ ಮೂರು ಸಲವೂ ಓಣಿಯ ತುದಿಗೆ ನಡೆದು ವಾಪಸು ತಂದಿದ್ದಳು.

ಮುನೀರೆಯನ್ನು ಬರೀ ಎಸೆಯುವ ಹುಚ್ಚಿನವಳು ಎಂದುಕೊಂಡರೆ ಅನ್ಯಾಯವಾದೀತು. ಅವಳು ಈ ಮನೆಗೆ ಬಂದಾಗ ಇಲ್ಲಿ ಖಾಲಿ ಕಪಾಟು ಎಂಬುದೇ ಇರಲಿಲ್ಲ. ತವರಿನಿಂದ ತಂದ ಪಿಂಗಾಣಿ, ಹಾಸಿಗೆ, ಹೊಲಿಗೆ ಯಂತ್ರ ಎಲ್ಲ ಎರಡು ವರ್ಷ ಮೆಟ್ಟಿಲ ಕೆಳಗೆ ಪೆಟ್ಟಿಗೆಯಲ್ಲೇ ಕೂತಿದ್ದವು. ಇಪ್ಪತ್ತಮೂರರ ಹುಡುಗಿ ದಿನಾ ಸಂಜೆ ಒಂದು ಪೆಟ್ಟಿಗೆ ತೆರೆದು, ಒಂದು ತಟ್ಟೆ ತೆಗೆದು ಒರೆಸಿ, ಮತ್ತೆ ಒಳಗಿಡುತ್ತಿದ್ದಳು. ಆಗ ಅಂಟಿಕೊಂಡ ಚಡಪಡಿಕೆ ಆಮೇಲೆ ಬಿಡಲಿಲ್ಲ.

ಈ ವರ್ಷ ಅಖ್ದಸ್ ಖಾನುಂಗೆ ಮೊಣಕಾಲುಗಳು ಕೈಕೊಟ್ಟವು. ಮಗಳು ಮೆಹ್ರಿ ತಾಯಿಯನ್ನು ಒಂದು ವಾರದ ಮಟ್ಟಿಗೆ ತನ್ನ ಮನೆಗೆ ಕರೆದೊಯ್ದಳು. ಅವಳ ಮನೆಯ ಹತ್ತಿರ ಕಾಲು ನೀವಿ ವ್ಯಾಯಾಮ ಮಾಡಿಸುವ ಹೆಂಗಸೊಬ್ಬಳಿದ್ದಳು. ಕಾರು ಹತ್ತುವ ಮೊದಲು ಮುದುಕಿ ಸೊಸೆಯ ಮಣಿಕಟ್ಟು ಹಿಡಿದಳು.

"ಒಳಕೋಣೆಗೆ ಕೈ ಹಾಕ್ಬೇಡ ಹುಡುಗಿ. ನಾನು ಬಂದ್ಮೇಲೆ ಇಬ್ರೂ ಕೂತ್ಕೊಂಡು ನೋಡೋಣ."

"ನಿಮ್ಮ ಮಾತು ನನ್ನ ಕಣ್ಣ ಮೇಲೆ, ಖಾನುಂಜಾನ್," ಎಂದಳು ಮುನೀರೆ.

ಕಣ್ಣ ಮೇಲೆ ಇಟ್ಟುಕೊಂಡ ಮಾತು ನಾಲ್ಕು ದಿನ ನಿಂತಿತು. ಐದನೆಯ ದಿನ ಅವಳು ಒಳಕೋಣೆಯ ಬಾಗಿಲನ್ನು ಹೊರಗಿನಿಂದ ಮಾತ್ರ ಒರೆಸಿದಳು. ಆರನೆಯ ದಿನ, ಮಂಗಳವಾರ, ನಮಕಿಯ ಗಾಡಿ ಕೂಗಿತು.

ಸಂಜೆಯ ಹೊತ್ತಿಗೆ ಒಳಕೋಣೆಯ ನೆಲ ಕಂಡಿತ್ತು. ತಾಮ್ರದ ಪಾತ್ರೆ ನಾಲ್ಕನೆಯ ಸಲ ಹೊರಟಿತು, ರೇಡಿಯೊ ಅದರ ಹಿಂದೆ ಹೋಯಿತು. ಮೂರು ಗೋಡೆಗಳ ಹಲಗೆಗಳು ಬೋಳಾಗಿ ನಿಂತಿದ್ದನ್ನು ನೋಡಿ ಮುನೀರೆಗೆ ಎದೆ ತುಂಬಾ ಗಾಳಿ ಬಂದಂತಾಯಿತು. ಎಲ್ಲವನ್ನೂ ಎಸೆದಳೆಂದಲ್ಲ. ಕಸೂತಿಯ ಒಂದು ಚೌಕ ವಸ್ತ್ರದಲ್ಲಿ ಕಟ್ಟಿಟ್ಟ ಗಂಟೊಂದಿತ್ತು, ಕಸೂತಿ ಚೆನ್ನಾಗಿದೆ ಎಂದು ವಸ್ತ್ರವನ್ನು ಉಳಿಸಿಕೊಂಡಳು. ಒಳಗಿದ್ದದ್ದು ಮಡಿಸಿಟ್ಟ ಬಿಳಿ ಹತ್ತಿ ಬಟ್ಟೆ, ಅಂಚಿಲ್ಲ, ಹೊಲಿಗೆಯಿಲ್ಲ. ಮುದುಕಿ ಯಾವುದೋ ಕಾಲದಲ್ಲಿ ಹಾಸಿಗೆಗೆಂದು ತಂದು ಮರೆತದ್ದು ಎಂದುಕೊಂಡಳು. ಮಡಿಕೆಯಿಂದ ಮಣ್ಣಿನ ಗಟ್ಟಿಯೊಂದು ಉರುಳಿತು. ಹಳಬರು ತಲೆಗೆ ಹಚ್ಚುವ ಮಣ್ಣಿರಬೇಕು, ಶುಕ್ರವಾರ ತಲೆ ತೊಳೆಯಲು ಆದೀತೆಂದು ಅದನ್ನು ಗೂಡಿನಲ್ಲಿಟ್ಟಳು. ಬಟ್ಟೆ ಮೆತ್ತಗಿತ್ತು. ಕಿಟಕಿ ಗಾಜಿಗೆ ಇದಕ್ಕಿಂತ ಒಳ್ಳೆಯದು ಸಿಗದು. ಹಲ್ಲಿನಿಂದ ಅಂಚು ಕಚ್ಚಿ ಪರ್ರೆಂದು ಹರಿದಳು. ಆರು ತುಂಡಾಯಿತು.

ಗುರುವಾರ ಬೆಳಿಗ್ಗೆ ಮೆಹ್ರಿ ತಾಯಿಯನ್ನು ಬಾಗಿಲಲ್ಲಿ ಇಳಿಸಿ, ತನ್ನ ಮನೆಯ ಪರದೆಗಳು ಇನ್ನೂ ನೀರಿನಲ್ಲಿವೆ ಎಂದು ಓಡಿದಳು. ಅದು ವರ್ಷದ ಕೊನೆಯ ಗುರುವಾರ. ಆ ದಿನ ಊರವರೆಲ್ಲ ತಮ್ಮವರ ಗೋರಿಗಳಿಗೆ ಹೋಗಿ ಕಲ್ಲು ತೊಳೆದು ಪನ್ನೀರು ಚಿಮುಕಿಸಿ ಬರುತ್ತಾರೆ. ಮುದುಕಿ ಊರುಗೋಲು ಊರಿ ನಿಧಾನವಾಗಿ ಒಳಬಂದಳು, ಕುರ್ಚಿಯಲ್ಲಿ ಕೂತಳು, ಒಳಕೋಣೆಯ ಕಡೆ ನೋಡಲಿಲ್ಲ. ಬೇಕಾದದ್ದು ಒಂದೇ ಎಂಬಂತೆ ಕೇಳಿದಳು.

"ಕಸೂತಿ ಗಂಟು ಕೊಡು. ಬಿಸಿಲು ಚೆನ್ನಾಗಿದೆ. ನನ್ನ ಕಫನ್ ಹರವಿ ಪನ್ನೀರು ಹಾಕಿ ಮಡಿಸಿ, ಆಮೇಲೆ ಹಾಜಿ ಹತ್ರ ಹೋಗೋಣ."

ತಾನು ಹರಿದದ್ದು ಏನೆಂದು ಮುನೀರೆಗೆ ಆಗ ಹೊಳೆಯಿತು. ಹಾಜಿ ನಸ್ರುಲ್ಲಾ ಸಾಯುವ ಮೂರು ವರ್ಷ ಮೊದಲು ಪುಣ್ಯಕ್ಷೇತ್ರ ಕರ್ಬಲಾಕ್ಕೆ ಹೋಗಿ ಒಂದೇ ಥಾನಿನಿಂದ, ಹೆಣಕ್ಕೆ ಹೊದಿಸುವ ಎರಡು ಕಫನ್ ಬಟ್ಟೆ ಕತ್ತರಿಸಿ ತಂದಿದ್ದು ಅವಳಿಗೆ ಗೊತ್ತಿತ್ತು. ಒಂದರಲ್ಲಿ ಅವನು ಮಲಗಿದ್ದ. ಇನ್ನೊಂದು ಮುದುಕಿಯದು. ಅದು ಈ ಮನೆಯಲ್ಲೇ ಎಲ್ಲೋ ಇದೆ ಎಂಬುದೂ ಗೊತ್ತಿತ್ತು. ಆದರೆ ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಕೊನೆಯ ಗುರುವಾರ ಅತ್ತೆ ಅದನ್ನು ಹಿಂದಿನ ಅಂಗಳದ ಹಗ್ಗಕ್ಕೆ ಹಾಕಿ, ಕೆಳಗೆ ಕೂತು ಕಾಯುತ್ತಿದ್ದಳು ಎಂಬುದು ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಇಪ್ಪತ್ತೆರಡು ವರ್ಷವೂ ಮುನೀರೆ ಏಣಿಯ ಮೇಲಿದ್ದಳು. ಮತ್ತು ಆ ಮಣ್ಣಿನ ಗಟ್ಟಿ ತಲೆಗೆ ಹಚ್ಚುವ ಮಣ್ಣಲ್ಲ. ಕರ್ಬಲಾದ ಮಣ್ಣು ಅದು, ಗೋರಿಯಲ್ಲಿ ಕೆನ್ನೆಯ ಕೆಳಗೆ ಇಡುವಂಥದ್ದು.

ಗಂಟು ಅಟ್ಟದ ಮೇಲೆ ಜಮಖಾನೆಗಳ ಅಡಿಗೆ ಸಿಕ್ಕಿದೆ, ಮಧ್ಯಾಹ್ನದೊಳಗೆ ಇಳಿಸಿಕೊಡುತ್ತೇನೆ ಎಂದು ಅವಳು ಹೇಳಿದಳು. ಸುಳ್ಳು ಅಷ್ಟು ನುಣ್ಣಗೆ ಬಂದದ್ದಕ್ಕೆ ಅವಳಿಗೇ ಹೆದರಿಕೆಯಾಯಿತು. ಮುದುಕಿ ಕಾಯುತ್ತೇನೆ ಎಂದಳು. ಕಫನ್ ಬಿಸಿಲು ಕಾಣದೆ ತಾನು ಗೋರಿಯ ಹತ್ತಿರ ಹೋಗುವುದಿಲ್ಲ, ಹಾಜಿಗೆ ಯಾವತ್ತೂ ಈ ಗುರುವಾರ ತಪ್ಪಿಸಿಲ್ಲ ಎಂದೂ ಸೇರಿಸಿದಳು.

ಮೊದಲು ಅವಳು ಗೂಡಿಗೆ ಓಡಿದಳು. ಮಣ್ಣಿಗೆ ನೀರು ತಾಗಿರಲಿಲ್ಲ. ಅದನ್ನು ಮುತ್ತಿಟ್ಟು ಹಣೆಗೊತ್ತಿಕೊಂಡು ತಲೆವಸ್ತ್ರದ ತುದಿಗೆ ಕಟ್ಟಿಕೊಂಡಳು. ಆಮೇಲೆ ತುಂಡುಗಳ ಬೇಟೆ. ಎರಡು ಹಗ್ಗದ ಮೇಲಿದ್ದವು. ಒಂದು ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ಒಂದು ಪೊರಕೆಯ ಕೋಲಿನ ತುದಿಗೆ ಜೇಡರ ಬಲೆ ಹೊದ್ದು ನಿಂತಿತ್ತು. ಒಂದನ್ನು ಪಕ್ಕದ ಮನೆಯ ಅಶ್ರಫ್‌ಗೆ ದೀಪದ ಗೊಂಚಲು ಒರೆಸಲು ಕೊಟ್ಟಿದ್ದಳು. ಹೋಗಿ ಕೇಳಿದರೆ ಅಶ್ರಫ್ ಬಾಗಿಲಲ್ಲೇ ನಗಲು ಶುರುಮಾಡಿದಳು, ಕೊಟ್ಟ ಚಿಂದಿಯನ್ನು ಮುನೀರೆ ವಾಪಸು ಕೇಳುವ ದಿನ ಬಂತಲ್ಲ, ಇನ್ನು ಪ್ರಳಯಕ್ಕೆ ತಡವಿಲ್ಲ ಎಂದಳು. ಮುನೀರೆ ನಗಲಿಲ್ಲ. ಆರನೆಯದು ಅಡುಗೆ ಒಲೆಯ ಹಿಂದಿನ ಗೋಡೆಗೆ ಬಳಸಿದ್ದು, ವರ್ಷದ ಜಿಡ್ಡೆಲ್ಲ ಹೀರಿ ಕಪ್ಪಾಗಿತ್ತು. ಸೋಪು, ಸೋಡಾ, ಬಿಸಿನೀರು, ನಿಂಬೆಹುಳಿ ಎಲ್ಲ ಹಾಕಿ ಬೆರಳ ಚರ್ಮ ಸುಲಿಯುವಷ್ಟು ತಿಕ್ಕಿದಳು. ಕಪ್ಪು ಕಂದಾಯಿತು, ಅಷ್ಟೇ.

ಯದುಲ್ಲಾನಿಗೆ ವಿಷಯ ಗೊತ್ತಾದಾಗ ಅವನು ಮೊದಲ ಬಾರಿಗೆ ಕೂತಲ್ಲಿಂದ ಎದ್ದ. ಹೆಂಡತಿಯನ್ನು ಬೈಯಲಿಲ್ಲ. ಬಾಗಿಲು ಮುಚ್ಚಿ ಮೆಲ್ಲಗೆ ಹೇಳಿದ.

"ಬಜಾರಿಗೆ ಹೋಗು ಮುನೀರೆ ಜಾನ್. ಅಂಥದ್ದೇ ತಗೊಂಡ್ ಬಾ. ಬಿಳಿ ಬಟ್ಟೆ ಬಿಳಿ ಬಟ್ಟೇನೇ. ಅಮ್ಮನ ಕಣ್ಣಿಗೆ ಈಗ ನಾನೂ ಬಾಗ್ಲೂ ಒಂದೇ ಥರ ಕಾಣ್ತೀವಿ. ಈ ವಯಸ್ಸಿನಲ್ಲಿ ಇದನ್ನ ಹೇಳಿ ಅವಳ ಎದೆ ಒಡೀಬೇಡ."

ಬಜಾರು ಹಬ್ಬದ ಜನದಿಂದ ಕಿಕ್ಕಿರಿದಿತ್ತು. ಮೊಳಕೆ ಗೋಧಿಯ ತಟ್ಟೆಗಳು, ಗಾಜಿನ ಬೋಗುಣಿಯಲ್ಲಿ ಕೆಂಪು ಮೀನುಗಳು, ಹೊಸ ಬಟ್ಟೆಗೆ ಹಟ ಹಿಡಿದ ಮಕ್ಕಳು. ಎಲ್ಲರೂ ಹೊಸದನ್ನು ಕೊಳ್ಳುತ್ತಿದ್ದ ಆ ಗದ್ದಲದಲ್ಲಿ ಮುನೀರೆ ಕಫನ್ ಬಟ್ಟೆ ಕೊಂಡಳು. ಅಂಗಡಿಯವನು ದೇವರು ಸಮಾಧಾನ ಕೊಡಲಿ, ಯಾರು ಹೋದರು ಎಂದು ಕೇಳಿದ. ಯಾರೂ ಇಲ್ಲ ಎಂದು ಹೇಳಿ ಅವಳು ದುಡ್ಡು ಎಣಿಸಿಕೊಟ್ಟಳು. ಮನೆಗೆ ಬಂದು ಹೊಸ ಬಟ್ಟೆಯನ್ನು ಎರಡು ಸಲ ನೀರಿನಲ್ಲಿ ಅದ್ದಿ, ಬಿಸಿಲಿಗೆ ಹಿಡಿದು, ಮೆತ್ತಗಾಗಲೆಂದು ಹಿಸುಕಿ, ಅದೇ ಮಡಿಕೆಗಳಂತೆ ಮಡಿಸಿದಳು. ನಡುವೆ ಕರ್ಬಲಾದ ಮಣ್ಣಿಟ್ಟಳು. ಕಸೂತಿ ವಸ್ತ್ರದಲ್ಲಿ ಸುತ್ತಿ ಅತ್ತೆಯ ಮಡಿಲಲ್ಲಿಟ್ಟಳು.

ಮುದುಕಿ ಗಂಟಿನ ಮೇಲೆ ಅಂಗೈ ಹರವಿದಳು. ಮೊಣಕಾಲು ನೋವಿನ ನಡುವೆಯೂ ಅವಳ ಮುಖ ಹಗುರಾಯಿತು. ಬೆರಳುಗಳು ಗಂಟಿನ ಬಿಗಿಯನ್ನು ಹುಡುಕತೊಡಗಿದವು. ಒಂದು ಕ್ಷಣ ಸುಮ್ಮನಿದ್ದಿದ್ದರೆ ಎಲ್ಲ ಮುಗಿಯುತ್ತಿತ್ತು. ಸುಮ್ಮನಿರುವುದು ಮುನೀರೆಗೆ ಬರುತ್ತಿರಲಿಲ್ಲ.

"ಬಿಚ್ಬೇಡಿ ಖಾನುಂಜಾನ್," ಎಂದಳು. "ಒಳಗಿರೋದು ನಿಮ್ಮದಲ್ಲ."

ನಿಂತುಕೊಂಡೇ ಎಲ್ಲ ಹೇಳಿದಳು. ನಮಕಿ, ಹಲಗೆಗಳು, ಆರು ತುಂಡು, ಒಲೆಯ ಹಿಂದಿನ ಗೋಡೆ. ಹೇಳುತ್ತಾ ಹೇಳುತ್ತಾ ಕೈ ತಾನಾಗಿ ಕಿಟಕಿಯ ಕಟ್ಟೆ ಒರೆಸುತ್ತಿತ್ತು. ಮುದುಕಿ ತುಂಡುಗಳನ್ನು ತರಿಸಿಕೊಂಡು ಒಂದೊಂದಾಗಿ ಮುಟ್ಟಿ ನೋಡಿದಳು. ಜಿಡ್ಡಿನ ತುಂಡನ್ನು ಮೂಸಿದಳು.

"ಹಾಜಿ ಇದನ್ನ ಎದೆಗವಚಿಕೊಂಡು ಬಂದ. ಬಸ್ಸಲ್ಲಿ ಸೀಟಿನ ಕೆಳಗೆ ಇಡ್ಲಿಲ್ಲ, ಎರಡು ದಿನ," ಎಂದಳು. ಜಿಡ್ಡಿನ ತುಂಡನ್ನು ಕೆಳಗಿಟ್ಟು ಮತ್ತೆ ಹೇಳಿದಳು, "ನೀನು ಎಸೀತೀಯ ಅಂತ ನಂಗೆ ಸಿಟ್ಟಿಲ್ಲ. ಅದು ನಿನ್ನ ಹುಟ್ಟುಗುಣ. ಮೂವತ್ತೊಂದು ವರ್ಷದಲ್ಲಿ ಒಂದ್ಸಲ, ಒಂದೇ ಒಂದ್ಸಲ ನನ್ನ ಪಕ್ಕ ಕೂತು ಇದೇನು ಅಂತ ಕೇಳಿದ್ರೆ ಹೇಳ್ತಿದ್ದೆ."

"ಎಲ್ಲಿ ಕೂರ್ಲಿ ಖಾನುಂಜಾನ್? ಈ ಮನೇಲಿ ನಂಗೆ ಜಾಗ ಎಲ್ಲಿತ್ತು? ನನ್ನ ಪೆಟ್ಟಿಗೆಗಳು ಎರಡು ವರ್ಷ ಮೆಟ್ಟಿಲ ಕೆಳಗಿದ್ವು. ನೀವು ದಿನಾ ಅದನ್ನ ದಾಟ್ಕೊಂಡು ಓಡಾಡಿದ್ರಿ."

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ತಪ್ಪು ಮಾಡಿದವಳು ತಾನು, ದೂರು ಹೇಳುತ್ತಿರುವವಳೂ ತಾನೇ. ಮುದುಕಿ ತುಂಡುಗಳನ್ನು ಒಟ್ಟುಮಾಡಿ ಮಡಿಲಿಗೆ ಹಾಕಿಕೊಂಡಳು. ಆ ದಿನ ಯದುಲ್ಲಾ ಒಬ್ಬನೇ ಪನ್ನೀರಿನ ಬಾಟಲಿ ಹಿಡಿದು ತಂದೆಯ ಗೋರಿಗೆ ಹೋಗಿಬಂದ. ಅಖ್ದಸ್ ಖಾನುಂ ಊಟ ಮುಟ್ಟಲಿಲ್ಲ. ಮುನೀರೆ ತೊಳೆದಿದ್ದ ತಟ್ಟೆಗಳನ್ನೇ ಮತ್ತೆ ತೊಳೆದಳು, ಒಣಗಿದ ಮೆಟ್ಟಿಲಿಗೆ ಮತ್ತೆ ನೀರು ಸುರಿದಳು.

ಶುಕ್ರವಾರ ಬೆಳಿಗ್ಗೆ ಅವಳು ಪರದೆ ಏರಿಸಲು ಏಣಿಯನ್ನು ಎತ್ತುವಾಗ ಒಳಗಿನಿಂದ ಕರೆ ಬಂತು. ಮುದುಕಿ ನೆಲದ ಮೇಲೆ ದಿಂಬಿಗೊರಗಿ ಕೂತಿದ್ದಳು. ಮುಂದೆ ಆರು ತುಂಡುಗಳು ಕ್ರಮವಾಗಿ ಹರಡಿದ್ದವು.

"ಸೂಜಿ ತಾ. ದಾರ ಬೇಡ."

"ದಾರ ಇಲ್ದೆ ಹೇಗೆ ಹೊಲೀಲಿ?"

"ಕಫನ್‌ಗೆ ಅದರದ್ದೇ ದಾರ ಶ್ರೇಷ್ಠ. ಅಂಚಿಂದ ಎಳೆ ಎಳಿ. ನಂಗೆ ಕಣ್ಣು ಕಾಣಲ್ಲ, ನೀನೇ ಎಳೀಬೇಕು. ಕೂತ್ಕೊ."

ಮುನೀರೆ ಕುಕ್ಕುರುಗಾಲಲ್ಲಿ ಕೂತಳು, ಯಾವ ಕ್ಷಣವೂ ಏಳಬಹುದಾದಂತೆ. ಎಳೆಯ ತುದಿ ಉಗುರಿಗೆ ಸಿಕ್ಕಿತು, ಜಗ್ಗಿದಳು, ನಾಲ್ಕು ಬೆರಳಗಲಕ್ಕೆ ತುಂಡಾಯಿತು. ಮತ್ತೊಂದು, ಅದೂ ತುಂಡಾಯಿತು. ಹಳೆಯ ನೂಲು, ಗಡಿಬಿಡಿ ಸಹಿಸುವುದಿಲ್ಲ. ಹನ್ನೊಂದು ಎಳೆ ಹರಿದ ಮೇಲೆ ಅವಳು ಎದ್ದಳು. ಪರದೆಗಳು ಏರಬೇಕು, ಮೊಟ್ಟೆಗಳಿಗೆ ಬಣ್ಣ ಹಾಕಬೇಕು, ಹಬ್ಬದ ಹಾಸು ಹರವಬೇಕು, ನಾಳೆ ಮಧ್ಯಾಹ್ನ ವರ್ಷ ತಿರುಗುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಮುದುಕಿ ಅವಳ ಲಂಗದ ಅಂಚನ್ನು ಹಿಡಿದು ಕೆಳಗೆ ಎಳೆದಳು, ಮಗುವನ್ನು ಕೂರಿಸುವಂತೆ. ಉಸಿರು ಬಿಡುತ್ತಾ ಎಳಿ, ಹಿಡ್ಕೊಂಡಲ್ಲ, ಎಂದು ಹೇಳಿಕೊಟ್ಟಳು. ಹನ್ನೆರಡನೆಯ ಎಳೆ ಬಟ್ಟೆಯ ಆ ತುದಿಯಿಂದ ಈ ತುದಿಯವರೆಗೆ ಇಡಿಯಾಗಿ ಬಂತು. ಮುನೀರೆ ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಹಾಗೆ ನೋಡುತ್ತಿರುವಾಗ ಅವಳ ಕಾಲುಗಳು ತಾವಾಗಿ ಮಡಿಚಿ ನೆಲಕ್ಕೆ ಕೂತವು.

ಶುಕ್ರವಾರವೆಲ್ಲ ಹೊಲಿದರು. ಎಳೆಗಳ ನಡುವೆ ಮುದುಕಿ ಮಾತಾಡಿದಳು. ಎಸೆದುಹೋದವುಗಳ ಲೆಕ್ಕ ಕೇಳಲಿಲ್ಲ, ಅವು ಏನಾಗಿದ್ದವು ಎಂಬುದನ್ನು ಹೇಳಿದಳು. ಆ ತಾಮ್ರದ ಪಾತ್ರೆಯಲ್ಲಿ ಹಾಜಿ ದಾಳಿಂಬೆ ಸಿಪ್ಪೆ ಕುದಿಸಿ ಬಣ್ಣ ಮಾಡುತ್ತಿದ್ದನಂತೆ, ತಳ ತೂತಾದದ್ದು ಯದುಲ್ಲಾ ಹುಟ್ಟಿದ ದಿನ, ಒಲೆಯ ಮೇಲೆ ಮರೆತು ಓಡಿದ್ದರಿಂದ. ಮುನೀರೆ ತಲೆ ತಗ್ಗಿಸಿ ಹೊಲಿದಳು. ಕಣ್ಣೀರು ಬಂತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಐದು ತುಂಡು ಕೂಡಿದ್ದವು. ಆರನೆಯದನ್ನು ಹಿಡಿದು ಮುನೀರೆ ತಡೆದಳು. ಈ ಕಲೆ ಹೋಗುವುದಿಲ್ಲ, ಈ ಜಾಗಕ್ಕಾದರೂ ಹೊಸ ಬಟ್ಟೆ ಸೇರಿಸೋಣ ಎಂದು ಕೇಳಿಕೊಂಡಳು.

"ಬೇಡ. ಅದು ಪಾದದ ಕಡೆ ಬರ್ಲಿ," ಎಂದಳು ಮುದುಕಿ. "ಗೋರೀಲಿ ಲೆಕ್ಕ ಕೇಳೋ ದೇವದೂತರು ನಕೀರ್, ಮುನ್ಕರ್ ಬಂದು ಇದೇನು ಕಲೆ ಅಂತ ಕೇಳ್ತಾರೆ. ನನ್ನ ಸೊಸೆ ಒಲೆ ಹಿಂದಿನ ಗೋಡೇನೂ ಬಿಡ್ತಿರ್ಲಿಲ್ಲ, ನೀವೂ ಸ್ವಲ್ಪ ಕಾಲು ಒರೆಸ್ಕೊಂಡು ಒಳಗೆ ಬನ್ನಿ ಅಂತೀನಿ."

ಮುನೀರೆಗೆ ನಗುವೂ ಅಳುವೂ ಒಟ್ಟಿಗೆ ನುಗ್ಗಿ ಬಂದವು. ಮುದುಕಿ ಪಕ್ಕದಲ್ಲಿದ್ದ ಕಸೂತಿ ಗಂಟನ್ನು ಅವಳ ಕಡೆ ತಳ್ಳಿದಳು. ಒಳಗೆ ಬಜಾರಿನ ಹೊಸ ಬಟ್ಟೆ ಹಾಗೇ ಇತ್ತು.

"ಇದು ನಿಂದು. ಒಳಕೋಣೆ ನಡುವಿನ ಹಲಗೆ ನಿಂಗೆ ಬಿಟ್ಟಿದೀನಿ, ಇಟ್ಕೊ. ಮೂವತ್ತೊಂದು ವರ್ಷದ ಹಿಂದೇನೇ ಬಿಡ್ಬೇಕಿತ್ತು. ಬಿಡ್ಲಿಲ್ಲ, ತಪ್ಪು ನಂದು. ಇದನ್ನ ಮಾತ್ರ ನಮಕಿಗೆ ಕೊಡ್ಬೇಡ."

ಮನೆಯ ಯಾವ ಕಪಾಟಿನ ಕೀಲಿಗೂ ಮುನೀರೆ ಈಗ ಯಾರನ್ನೂ ಕೇಳಬೇಕಿರಲಿಲ್ಲ. ಎಲ್ಲ ಅವಳ ಕೈಯಲ್ಲೇ ಇದ್ದವು. ಆದರೂ ಆ ಒಂದು ಬೋಳು ಹಲಗೆ ತನಗೆ ಸಿಕ್ಕಿತೆಂದು ಅವಳಿಗೆ ಆದ ಸಂತೋಷವನ್ನು ಹೇಳಿದರೆ ಜನ ನಗಬಹುದು.

ಹೊರಕೋಣೆಯಲ್ಲಿ ಯದುಲ್ಲಾ ದೂರದರ್ಶನದ ದನಿ ಏರಿಸಿದ. ವರ್ಷ ತಿರುಗಲು ನಿಮಿಷಗಳಿದ್ದವು. ಕಿಟಕಿಗಳು ಬೆತ್ತಲಾಗಿದ್ದವು, ಪರದೆಗಳು ಬುಟ್ಟಿಯಲ್ಲಿದ್ದವು, ಹಬ್ಬದ ಹಾಸನ್ನು ಯದುಲ್ಲಾನೇ ಹರವಿದ್ದರಿಂದ ಏಳು ವಸ್ತುಗಳಿರಬೇಕಾದಲ್ಲಿ ಐದಿದ್ದವು. ಅವನು ಬಾಗಿಲಿಗೆ ಬಂದು, ಮುನೀರೆ ಜಾನ್, ಏಳು, ಬೆಳ್ಳುಳ್ಳಿ ಎಲ್ಲಿದೆ, ಕನ್ನಡಿ ಎಲ್ಲಿಟ್ಟೆ ಎಂದು ತೊದಲಿದ. ಮುನೀರೆಯ ಮೊಣಕಾಲು ಅಭ್ಯಾಸಬಲದಿಂದ ಎದ್ದಿತು. ಬೆರಳುಗಳ ನಡುವೆ ಕೊನೆಯ ಎಳೆ ಅರ್ಧ ಬಂದಿತ್ತು, ಎದ್ದರೆ ಹರಿಯುತ್ತಿತ್ತು.

ವರ್ಷ ತಿರುಗುವ ಗಳಿಗೆಯಲ್ಲಿ ಯಾರು ಏನು ಮಾಡುತ್ತಿರುತ್ತಾರೋ ವರ್ಷವಿಡೀ ಅದನ್ನೇ ಮಾಡುತ್ತಾರೆಂದು ಅಲ್ಲಿ ಎಲ್ಲರೂ ನಂಬುತ್ತಾರೆ. ಅದಕ್ಕೇ ಪ್ರತಿ ವರ್ಷ ಆ ಗಳಿಗೆಯಲ್ಲಿ ಮುನೀರೆಯ ಕೈಯಲ್ಲಿ ಒಂದು ಒರೆಸುವ ಬಟ್ಟೆ ಇರುತ್ತಿತ್ತು. ದೂರದರ್ಶನದಲ್ಲಿ ಹೊಸ ವರ್ಷದ ತೋಪು ಹಾರಿದ ಸದ್ದು ಕೇಳಿತು. ಅವಳು ಅತ್ತೆಯ ಪಕ್ಕದಲ್ಲಿ ಕೂತು, ಉಸಿರು ಬಿಡುತ್ತಾ, ದಾರ ಎಳೆಯುತ್ತಿದ್ದಳು.